ಗ್ರೂಪಿನ ಗದ್ದಲ: ಕಾಲುವೆ ನೀರು, ಭತ್ತದ ರೇಟು, ಮುನ್ನೂರು ಮೆಸೇಜು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ವಾರ ಬಂತೆಂದರೆ ಗಂಗಾವತಿಯಿಂದ ಮಾನ್ವಿವರೆಗಿನ ವಾಟ್ಸಾಪ್ ಗ್ರೂಪುಗಳೆಲ್ಲ ಎದ್ದು ಕೂರುತ್ತವೆ. "ನೀರ ಬಂತೇನ್ರಿ?" ಅಂತ ಒಬ್ಬರು ಕೇಳುತ್ತಾರೆ. ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, ನಮ್ಮ ತೂಬಿಗೆ ನೀರು ಎಂದು ಹತ್ತುತ್ತದೆ ಅನ್ನುವ ಉತ್ತರ ಬೆಳಿಗ್ಗೆಯೇ ಗ್ರೂಪಿಗೆ ಬಿದ್ದಿರುತ್ತದೆ. ಆದರೆ ಅದರ ಮೇಲೆ ಹನ್ನೊಂದು ಶುಭೋದಯ, ಒಂದು ಹುಟ್ಟುಹಬ್ಬದ ಬ್ಯಾನರ್, ಎರಡು ಭಾಷಣದ ವೀಡಿಯೊ, ಯಾರದೋ ಕಳೆದುಹೋದ ಎಮ್ಮೆಯ ಫೋಟೊ ಬಂದು ಕೂತಿವೆ. ಉತ್ತರ ಕಾಣದೆ ಅವರು ಮತ್ತೆ ಕೇಳುತ್ತಾರೆ. "ಮ್ಯಾಲ ಹಾಕೀವಿ, ನೋಡ್ರಿ" ಅಂತ ಒಬ್ಬರು ಸಿಡುಕುತ್ತಾರೆ. "ನಮಗೇನು ಓದಾಕ ಬರಂಗಿಲ್ಲ ಅಂತ ತಿಳ್ಕೊಂಡೀರೇನು?" ಅಂತ ತಿರುಗೇಟು ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೇಲ್ಭಾಗದವರು ಹೋದ ವರ್ಷ ಪಂಪ್‌ಸೆಟ್ ಇಟ್ಟು ನೀರೆತ್ತಿದ ಲೆಕ್ಕ, ಕೆಳಭಾಗದವರು ಹಾಳಾದ ಲೆಕ್ಕ, ಯಾರ್‍ಯಾರು ಯಾವ ಪಕ್ಷ ಅನ್ನುವ ಲೆಕ್ಕ ಎಲ್ಲ ಹೊರಗೆ ಬಂದಿರುತ್ತದೆ.

ಮೆಸೇಜು ಹೆಚ್ಚಾಗುವುದು ಒಂದು ತೊಂದರೆ, ಜಗಳ ಇನ್ನೊಂದು ತೊಂದರೆ ಅಂತ ಬಹಳ ಮಂದಿ ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ ಬೇರಿನವು. ಗಂಟೆಯೊಳಗೆ ಉಪಯೋಗಕ್ಕೆ ಬರಬೇಕಾದ ಸುದ್ದಿಯನ್ನೂ ಹೊತ್ತು ಕಳೆಯುವ ಮಾತನ್ನೂ ಒಂದೇ ಗ್ರೂಪಿಗೆ ಸುರಿದರೆ, ಸುದ್ದಿ ಬೇಕಾದವನಿಗೆ ಮಾತು ಕಾಟ, ಮಾತು ಬೇಕಾದವನಿಗೆ "ಸುಮ್ಮನಿರ್ರಿ" ಅನ್ನುವವನು ಕಾಟ. ಅಲ್ಲಿಂದ ಮುಂದಿನ ಜಗಳಕ್ಕೆ ನೀರೋ ರೇಟೋ ನೆಪ ಅಷ್ಟೇ. ಈ ಎರಡನ್ನು ಬೇರೆ ಮಾಡುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಸ್ವಲ್ಪ ಕಷ್ಟದ್ದು, ಅದನ್ನೂ ಹೇಳುತ್ತೇನೆ.

ಮೊದಲು ನಿಮ್ಮ ಫೋನು. ಅಡ್ಮಿನ್ ಬದಲಾಗಲಿ ಅಂತ ಕಾಯುತ್ತ ಕೂತರೆ ಆಗುವುದಿಲ್ಲ.

ಗ್ರೂಪಿನ ಹೆಸರಿನ ಮೇಲೆ ಒತ್ತಿದರೆ ನೋಟಿಫಿಕೇಶನ್ಸ್ ಅಥವಾ ಮ್ಯೂಟ್ ಅಂತ ಸಿಗುತ್ತದೆ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ. ಕಾಲುವೆ ಗ್ರೂಪು, ಮಕ್ಕಳ ಶಾಲೆಯ ಗ್ರೂಪು ಎರಡನ್ನು ಬಿಟ್ಟು ಉಳಿದದ್ದಕ್ಕೆಲ್ಲ "ಯಾವಾಗಲೂ" ಹಾಕಿ. ಮ್ಯೂಟ್ ಮಾಡಿದ್ದು ಗ್ರೂಪಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಹಿರಿಯರು ಬೇಜಾರಾದಾರು ಅನ್ನುವ ಸಂಕೋಚ ಬೇಡ. ಇದರಲ್ಲಿ ಒಂದು ತೂತಿದೆ. ನಿಮ್ಮ ಹೆಸರನ್ನು @ ಹಾಕಿ ಕರೆದರೆ, ಇಲ್ಲವೇ ನಿಮ್ಮ ಮೆಸೇಜಿಗೇ ಉತ್ತರ ಕೊಟ್ಟರೆ ಮ್ಯೂಟ್ ಇದ್ದರೂ ಫೋನು ಸದ್ದು ಮಾಡುತ್ತದೆ. ಜಗಳಗಂಟರಿಗೆ ಇದು ಚೆನ್ನಾಗಿ ಗೊತ್ತು. ಪದೇಪದೇ ಹೀಗೆ ಎಳೆಯುವವರಿದ್ದರೆ ಅವರೊಬ್ಬರ ಚಾಟನ್ನೂ ಬೇರೆಯಾಗಿ ಮ್ಯೂಟ್ ಮಾಡಬೇಕು.

ಮ್ಯೂಟ್ ಆದಮೇಲೂ ಪಟ್ಟಿಯಲ್ಲಿ ಗ್ರೂಪು ಮೇಲೆ ಬಂದು ಕೂರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕೆ ಆರ್ಕೈವ್. ಚಾಟಿನ ಮೇಲೆ ಬೆರಳು ಒತ್ತಿ ಹಿಡಿದು, ಮೇಲೆ ಬರುವ ಪೆಟ್ಟಿಗೆಯ ಗುರುತು ಒತ್ತಿದರೆ ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಒಳಗೆ "ಕೀಪ್ ಚಾಟ್ಸ್ ಆರ್ಕೈವ್ಡ್" ಆನ್ ಇರಬೇಕು. ಅದು ಆಫ್ ಇದ್ದರೆ ಹೊಸ ಮೆಸೇಜು ಬಂದ ಕ್ಷಣ ಗ್ರೂಪು ಮತ್ತೆ ಮೇಲೆದ್ದು ಬರುತ್ತದೆ. "ಆರ್ಕೈವ್ ಮಾಡಿದ್ರೂ ನಿಲ್ಲವಲ್ಲದು" ಅನ್ನುವವರ ಫೋನಿನಲ್ಲಿ ಸಾಮಾನ್ಯವಾಗಿ ಇದೇ ಆಫ್ ಆಗಿರುತ್ತದೆ. ನಿಜವಾಗಿ ಬೇಕಾದ ಮೂರು ಚಾಟನ್ನು ಪಿನ್ ಮಾಡಿ ಮೇಲಿಟ್ಟುಕೊಳ್ಳಿ.

ಫೋನಿನ ಹೊಟ್ಟೆ ತುಂಬುವುದು ಇನ್ನೊಂದು ಕಾಟ. ಮೂವತ್ತೆರಡು ಜಿಬಿಯ ಹಳೆಯ ಫೋನು ಇಟ್ಟುಕೊಂಡವರಿಗೆ ಪಹಣಿಯ ಫೋಟೊ ತೆಗೆಯುವ ಹೊತ್ತಿಗೇ ಜಾಗ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಅಂತಿದೆ. ಅಲ್ಲಿ ಮೊಬೈಲ್ ಡೇಟಾ ಬಳಸುವಾಗ ತಾನಾಗಿ ಇಳಿಯುವ ಫೋಟೊ, ಆಡಿಯೊ, ವೀಡಿಯೊ, ಡಾಕ್ಯುಮೆಂಟ್ ನಾಲ್ಕರ ಟಿಕ್ ತೆಗೆಯಿರಿ. ವೈಫೈಗೂ ವೀಡಿಯೊ ಟಿಕ್ ತೆಗೆಯಿರಿ. ಅದೇ ಪುಟದ ಮ್ಯಾನೇಜ್ ಸ್ಟೋರೇಜ್ ಒಳಗೆ "5 ಎಂಬಿಗಿಂತ ದೊಡ್ಡವು", "ಬಹಳ ಸಲ ಫಾರ್ವರ್ಡ್ ಆದವು" ಅಂತ ವಿಂಗಡಿಸಿಯೇ ಇಟ್ಟಿರುತ್ತದೆ. ಎರಡನೆಯದನ್ನು ಕಣ್ಣು ಮುಚ್ಚಿ ಅಳಿಸಬಹುದು. ಮೊದಲನೆಯದರಲ್ಲಿ ಮದುವೆ ವೀಡಿಯೊ, ಆಸ್ಪತ್ರೆ ರಿಪೋರ್ಟು ಸಿಕ್ಕಿಕೊಂಡಿರುತ್ತವೆ, ನೋಡಿ ಅಳಿಸಿ. ಗ್ರೂಪಿನ ಫೋಟೊಗಳು ಗ್ಯಾಲರಿಯೊಳಗೆ ಬೀಳದಂತೆ ಗ್ರೂಪ್ ಇನ್ಫೋದಲ್ಲಿ ಮೀಡಿಯಾ ವಿಸಿಬಿಲಿಟಿಗೆ "ನೋ" ಕೊಡಿ. ಆಂಡ್ರಾಯ್ಡ್ ಫೋನಿನಲ್ಲಿ 2024ರಿಂದ ವಾಟ್ಸಾಪ್ ಬ್ಯಾಕಪ್ಪು ಗೂಗಲ್ ಖಾತೆಯ ಉಚಿತ 15 ಜಿಬಿಯೊಳಗೇ ಲೆಕ್ಕಕ್ಕೆ ಬರುತ್ತದೆ. ಇಮೇಲ್ ಬರುವುದೇ ನಿಂತಿತಲ್ಲ ಅನ್ನುವವರ ಖಾತೆ ತೆರೆದು ನೋಡಿದರೆ, ಶುಭೋದಯದ ವೀಡಿಯೊಗಳೇ ಜಾಗ ಹಿಡಿದಿರುವುದು ಉಂಟು.

ಯಾರ್‍ಯಾರೋ ಗ್ರೂಪಿಗೆ ಸೇರಿಸುತ್ತಾರೆ ಅನ್ನುವುದಕ್ಕೆ ಮದ್ದು ಪ್ರೈವೆಸಿ ಸೆಟ್ಟಿಂಗಿನಲ್ಲಿದೆ. ಗ್ರೂಪ್ಸ್ ಅನ್ನುವಲ್ಲಿ "ಮೈ ಕಾಂಟ್ಯಾಕ್ಟ್ಸ್" ಇಟ್ಟರೆ ನೀವು ನಂಬರ್ ಸೇವ್ ಮಾಡಿಕೊಂಡವರಷ್ಟೇ ನೇರವಾಗಿ ಸೇರಿಸಬಲ್ಲರು. "ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್" ಆಯ್ದು, ಎಲ್ಲರನ್ನೂ ಎಳೆದು ಹಾಕುವ ಆ ಇಬ್ಬರು ಮೂವರನ್ನು ಟಿಕ್ ಮಾಡಿದರೆ ಅವರ ಕೈಗೂ ನೀವು ಸಿಗುವುದಿಲ್ಲ. ಆಮೇಲೆ ಅವರು ಆಹ್ವಾನ ಕಳಿಸಬಹುದು, ಮೂರು ದಿನದೊಳಗೆ ಒಪ್ಪದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ನಿವೇಶನ ಮಾರುವವರ ಹಾವಳಿ ಜಾಸ್ತಿಯಾಗಿರುವ ಬಳ್ಳಾರಿ, ರಾಯಚೂರಿನಂಥ ಊರುಗಳಲ್ಲಿ ಇದೊಂದು ಮಾಡಿದರೂ ಸಾಕು.

ಇಷ್ಟಾದರೆ ನಿಮ್ಮ ಮಟ್ಟಿಗೆ ಗಲಾಟೆ ಇಳಿಯಿತು. ಆದರೆ ಗ್ರೂಪು ಹಾಗೇ ಇದೆ.

ಅಡ್ಮಿನ್ ಆದವರು ಮೊದಲು ಕೇಳಿಕೊಳ್ಳಬೇಕಾದ್ದು ಈ ಗ್ರೂಪಿನ ಕೆಲಸ ಏನು ಅಂತ. ವಾಟ್ಸಾಪ್ ಗ್ರೂಪಿಗೆ ಮೊದಲು 256 ಮಂದಿಯಷ್ಟೇ ಸೇರಬಹುದಿತ್ತು, 2022ರಲ್ಲಿ ಅದು ಮೊದಲು 512ಕ್ಕೆ, ಆಮೇಲೆ 1,024ಕ್ಕೆ ಏರಿತು. ಜಾಗ ಇದೆಯಲ್ಲ ಅಂತ ಊರನ್ನೇ ಸೇರಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಇನ್ನೂರು ಮಂದಿಯ ಗ್ರೂಪಿನಲ್ಲಿ ಒಬ್ಬ ಮಾಸ್ತರರ ನಿವೃತ್ತಿಗೆ ಮೂರರಲ್ಲಿ ಒಂದು ಪಾಲು ಮಂದಿ ಶುಭಾಶಯ ಹಾಕಿದರೂ ಅರವತ್ತಾರು ಮೆಸೇಜು. ಅದಕ್ಕೆ ಮಾಸ್ತರರು ಒಬ್ಬೊಬ್ಬರಿಗೂ ಕೈಮುಗಿದರೆ ನೂರಾಮೂವತ್ತೆರಡು. ಅದರ ನಡುವೆ ಜೆಸ್ಕಾಂನವರು ನಾಳೆ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಕರೆಂಟಿಲ್ಲ ಅಂತ ಕೊಟ್ಟ ಪ್ರಕಟಣೆ ಬಿದ್ದರೆ ಯಾರಿಗೆ ಕಂಡೀತು?

ಆದ್ದರಿಂದ ಗ್ರೂಪು ಎರಡಾಗಬೇಕು. ಒಂದು ಸುದ್ದಿಗೆ, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬೇಕು. ಇನ್ನೊಂದು ಮಾತಿಗೆ, ಅಲ್ಲಿ ಎಲ್ಲರೂ ಬರೆಯಲಿ, ಶುಭೋದಯವೂ ಬರಲಿ, ಎಮ್ಮೆಯೂ ಬರಲಿ. ಮಾಡುವ ಬಗೆ ಹೀಗೆ: ಈಗಿರುವ ಗ್ರೂಪನ್ನೇ ಮಾತಿನ ಗ್ರೂಪಾಗಿ ಉಳಿಸಿಕೊಳ್ಳಿ. ಸುದ್ದಿಗೆ ಹೊಸದು ತೆರೆಯಿರಿ. ಇದನ್ನು ತಿರುಗಾಮುರುಗಾ ಮಾಡುವವರೇ ಹೆಚ್ಚು. ಹಳೆಯ ಗ್ರೂಪಿನ ಬಾಯಿ ಮುಚ್ಚಿ "ಹರಟೆ ಹೊಡೆಯೋರು ಇಲ್ಲಿಗೆ ಹೋಗ್ರಿ" ಅಂತ ಲಿಂಕ್ ಕೊಡುತ್ತಾರೆ. ತಮ್ಮನ್ನು ಹೊರಗೆ ಹಾಕಿದರು ಅಂತ ಮಂದಿ ಸಿಟ್ಟಾಗುತ್ತಾರೆ, ಮೂರನೆಯ ಗ್ರೂಪು ಹುಟ್ಟುತ್ತದೆ, ಅದು ಅಡ್ಮಿನ್‌ನನ್ನು ಬೈಯಲಿಕ್ಕೇ ಇರುತ್ತದೆ.

ಹೊಸ ಗ್ರೂಪಿನ ಇನ್ಫೋದಲ್ಲಿ ಗ್ರೂಪ್ ಪರ್ಮಿಷನ್ಸ್ ತೆರೆದು ನಾಲ್ಕು ಬಟನ್ ನೋಡಿಕೊಳ್ಳಿ. ಸದಸ್ಯರು ಮೆಸೇಜು ಕಳಿಸಬಹುದು: ಆಫ್. ಗ್ರೂಪಿನ ಹೆಸರು, ಫೋಟೊ ಬದಲಿಸಬಹುದು: ಆಫ್. ಇದು ಆನ್ ಇದ್ದರೆ ಚುನಾವಣೆ ಹೊತ್ತಿಗೆ ಕಾಲುವೆ ಗ್ರೂಪಿನ ಫೋಟೊದಲ್ಲಿ ಅಭ್ಯರ್ಥಿ ಕೂತಿರುತ್ತಾನೆ. ಬೇರೆಯವರನ್ನು ಸೇರಿಸಬಹುದು: ಆಫ್. ಹೊಸಬರಿಗೆ ಅಡ್ಮಿನ್ ಒಪ್ಪಿಗೆ: ಆನ್. ಅಡ್ಮಿನ್‌ಗಳು ಮೂವರಿರಲಿ. ಕಾಲುವೆ ಗ್ರೂಪಾದರೆ ಮೇಲ್ಭಾಗ, ನಡುಭಾಗ, ಕೊನೆಭಾಗಕ್ಕೆ ಒಬ್ಬೊಬ್ಬರು, ಓಣಿ ಗ್ರೂಪಾದರೆ ಎರಡು ಪಕ್ಷದವರೂ ಒಬ್ಬೊಬ್ಬರು. ಒಬ್ಬನೇ ಅಡ್ಮಿನ್ ಇದ್ದು, ಅವನೂ ಮೇಲ್ಭಾಗದವನಾದರೆ, ಅವನು ಎಷ್ಟೇ ಸರಿ ಹೇಳಿದರೂ 104ನೇ ಮೈಲಿನ ಕೆಳಗಿನವರು ನಂಬುವುದಿಲ್ಲ. ನಂಬಬೇಕು ಅಂತ ಬಯಸುವುದೂ ತಪ್ಪೇ.

ಮೂರ್ನಾಲ್ಕು ಗ್ರೂಪು ಒಟ್ಟಿಗೆ ನಡೆಸುವವರಿಗೆ 2022ರ ನವೆಂಬರಿನಲ್ಲಿ ಬಂದ ಕಮ್ಯೂನಿಟಿ ಅನ್ನುವ ಸೌಲಭ್ಯ ಅನುಕೂಲ. ಅದರೊಳಗೆ ಪ್ರಕಟಣೆಯ ಗ್ರೂಪು ತಾನಾಗಿ ಆಗಿರುತ್ತದೆ. ಅದರ ದೊಡ್ಡ ಲಾಭ ಬೇರೆ ಇದೆ: ಪ್ರಕಟಣೆಯ ಗ್ರೂಪಿನಲ್ಲಿ ಸದಸ್ಯರ ಫೋನ್ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಶಾಲೆಯ ಪಾಲಕರ ಗ್ರೂಪಿನಲ್ಲಿ, ಸ್ವಸಹಾಯ ಸಂಘದ ಗ್ರೂಪಿನಲ್ಲಿ ಹೆಣ್ಣುಮಕ್ಕಳು ಬಾಯಿ ಬಿಡದಿರುವುದಕ್ಕೆ, ಮೆಸೇಜು ಹಾಕಿದ ರಾತ್ರಿಯೇ ಅಪರಿಚಿತ ನಂಬರಿನಿಂದ "ಹಾಯ್" ಬರುವುದೂ ಒಂದು ಕಾರಣ.

ಸುದ್ದಿಯ ಮೆಸೇಜಿಗೂ ಒಂದು ಅಚ್ಚು ಬೇಕು. ತಾರೀಖು, ಹೊತ್ತು, ಜಾಗ, ಅಂಕಿ, ಯಾರು ಹೇಳಿದ್ದು, ಇಷ್ಟು ಇದ್ದರೆ ಮತ್ತೆ ಕೇಳುವವರು ಕಡಿಮೆ. "ನೀರು ಬಿಟ್ಟಾರ" ಅಂತ ಹಾಕಿದರೆ ಎಲ್ಲಿ, ಯಾವಾಗ, ಎಷ್ಟು ಅಂತ ಮೂವತ್ತು ಪ್ರಶ್ನೆ. "ಬುಧವಾರ ಬೆಳಿಗ್ಗೆ 7ಕ್ಕೆ ಗೇಜ್ ಇಷ್ಟು, ಗ್ಯಾಂಗ್‌ಮನ್ ನೋಡಿ ಹೇಳಿದ್ದು, ಮುಂದಿನ ಸುದ್ದಿ ಸಂಜೆ 6ಕ್ಕೆ" ಅಂತ ಹಾಕಿದರೆ ಸಂಜೆ ಆರರವರೆಗೆ ಗ್ರೂಪು ಸುಮ್ಮನಿರುತ್ತದೆ. ಆ ಕೊನೆಯ ತುಂಡನ್ನು ಬಿಡಬೇಡಿ, ಮುಂದಿನ ಸುದ್ದಿ ಯಾವಾಗ ಅಂತ ಗೊತ್ತಿಲ್ಲದವರೇ ಗಂಟೆಗೊಮ್ಮೆ ಕೇಳುವವರು. ಆ ಮೆಸೇಜನ್ನು ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ ಅಂತ ಅವಧಿ ಕೇಳುತ್ತದೆ. ಗೇಜಿಗೆ 24 ಗಂಟೆ ಸಾಕು, ಹಳೆಯ ಗೇಜು ಮೇಲೆ ಕೂತಿದ್ದರೆ ಅದೇ ಹೊಸ ತಕರಾರು. ಗದ್ದೆಗೆ ಗೊಬ್ಬರ ಹಾಕಲು ಯಾರು ಯಾವ ದಿನ ಬರುತ್ತಾರೆ, ಸಭೆ ಎಂದು ಇಡೋಣ, ಇಂಥದ್ದಕ್ಕೆ ಪೋಲ್ ಹಾಕಿ. ಹನ್ನೆರಡು ಆಯ್ಕೆವರೆಗೆ ಕೊಡಬಹುದು. "ನಾ ಬರ್ತೀನಿ", "ನಾನೂ" ಅನ್ನುವ ನಲವತ್ತು ಮೆಸೇಜು ಒಂದೇ ಚೌಕದೊಳಗೆ ಮುಗಿಯುತ್ತದೆ. "ಓಕೆ ಸರ್" ಬರೆಯುವ ಬದಲು ಮೆಸೇಜು ಒತ್ತಿ ಹಿಡಿದು ಹೆಬ್ಬೆಟ್ಟು ಹಾಕುವ ರೂಢಿಯನ್ನು ಮೂವರು ಅಡ್ಮಿನ್‌ಗಳು ಒಂದು ವಾರ ತಾವೇ ಮಾಡಿ ತೋರಿಸಿದರೆ ಉಳಿದವರಿಗೆ ಹೇಳುವುದೇ ಬೇಡ.

ಇನ್ನು ಜಗಳ. ಇದರಲ್ಲಿ ನಿಜವಾದ ಭಿನ್ನಾಭಿಪ್ರಾಯದ ಪಾಲು ಕಡಿಮೆ ಅಂತ ನನ್ನ ಅಂದಾಜು. ಮೊದಲ ಕಾರಣ, ಇಬ್ಬರ ಅಳತೆ ಬೇರೆಬೇರೆ ಇರುವುದು. ಭತ್ತದ ರೇಟಿನ ಜಗಳವನ್ನೇ ಹತ್ತಿರದಿಂದ ನೋಡಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಮಾತು ನಡೆಯುವುದು 75 ಕೆಜಿ ಚೀಲದ ಮೇಲೆ. ಸರ್ಕಾರದ ಲೆಕ್ಕ ಕ್ವಿಂಟಲಿಗೆ. ಆರ್‌ಎನ್‌ಆರ್ ಅನ್ನುವ ಭತ್ತದ ತಳಿಗೆ ಒಬ್ಬರು "ಆರ್‌ಎನ್‌ಆರ್ 1,900" ಅಂತಾರೆ, ಚೀಲದ ಲೆಕ್ಕ. ಇನ್ನೊಬ್ಬರು "ಸುಳ್ಳು, ನಮ್ಮೂರಾಗ 2,500 ದಾಟೇತಿ" ಅಂತಾರೆ, ಕ್ವಿಂಟಲ್ ಲೆಕ್ಕ. 75 ಕೆಜಿಗೆ 1,900 ಅಂದರೆ ಕ್ವಿಂಟಲಿಗೆ 2,533. ಇಬ್ಬರೂ ಹೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ರೇಟು. ಆದರೆ ಅದು ಗೊತ್ತಾಗುವ ಹೊತ್ತಿಗೆ ಒಬ್ಬರು ದಲ್ಲಾಳಿಯ ಏಜೆಂಟು, ಇನ್ನೊಬ್ಬರು ಹೊಲ ನೋಡದವರು ಅಂತ ಬೈಗುಳ ಮುಗಿದಿರುತ್ತದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ, ಚೀಲಕ್ಕೆ ಇಳಿಸಿದರೆ ಸುಮಾರು 1,777. ಈ ಒಂದು ಸಾಲನ್ನು ಗ್ರೂಪಿನ ಡಿಸ್ಕ್ರಿಪ್ಷನ್‌ನಲ್ಲಿ ಬರೆದಿಟ್ಟು, ರೇಟು ಹಾಕುವವರು ತಳಿ, ಊರು, ಚೀಲವೋ ಕ್ವಿಂಟಲೋ, ಹಸಿಯೋ ಒಣಗಿದ್ದೋ ಇಷ್ಟನ್ನು ಬರೆಯಲೇಬೇಕು ಅಂತ ನಿಯಮ ಮಾಡಿದರೆ ರೇಟಿನ ಜಗಳ ಬಹುಪಾಲು ತಣ್ಣಗಾಗುತ್ತದೆ. ರಾಯಚೂರಿನ ಹತ್ತಿಗಾದರೆ ತೇವಾಂಶವನ್ನೂ ಬರೆಯಬೇಕು. ಎಂಟು ಪರ್ಸೆಂಟ್ ತೇವದ ಹತ್ತಿಗೂ ಹನ್ನೆರಡರದಕ್ಕೂ ಒಂದೇ ರೇಟು ಸಿಗುವುದಿಲ್ಲ.

ಡ್ಯಾಮಿನ ಜಗಳವೂ ಹೀಗೇ. "ಒಂದು ಲಕ್ಷ ಬಿಟ್ಟಾರ, ಡ್ಯಾಮ್ ಖಾಲಿ ಆಗ್ತದ" ಅನ್ನುವವರು ಕ್ಯೂಸೆಕ್ ಹೇಳುತ್ತಿರುತ್ತಾರೆ, "ನೂರು ಟಿಎಂಸಿ ಐತಿ, ಎಲ್ಲಿ ಖಾಲಿ" ಅನ್ನುವವರು ಟಿಎಂಸಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಹರಿಯುವ ಘನ ಅಡಿ ನೀರು, ಟಿಎಂಸಿ ಅಂದರೆ ನಿಂತ ನೀರಿನ ಗಾತ್ರ, ಒಂದು ಟಿಎಂಸಿಗೆ ನೂರು ಕೋಟಿ ಘನ ಅಡಿ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಎಂಟೂವರೆ ಟಿಎಂಸಿಗೆ ಸ್ವಲ್ಪ ಮೇಲೆ ಹೋಗುತ್ತದೆ. ತುಂಗಭದ್ರಾ ಜಲಾಶಯದ ಪೂರ್ಣ ಸಾಮರ್ಥ್ಯ ಈಗ 105.788 ಟಿಎಂಸಿ, ಪೂರ್ಣ ಮಟ್ಟ 1,633 ಅಡಿ. ಈ ನಾಲ್ಕು ಅಂಕಿ ಮುಂದಿಟ್ಟರೆ ಕೂಗಾಟ ಲೆಕ್ಕಾಚಾರಕ್ಕೆ ತಿರುಗುತ್ತದೆ. ಲೆಕ್ಕ ಮಾಡುವವರು ಅಷ್ಟು ಬೇಗ ಬೈಯುವುದಿಲ್ಲ.

ಎರಡನೆಯ ಕಾರಣ ದನಿ. ನಮ್ಮ ಕಡೆ "ನೀರ ಬಿಟ್ಟಿಲ್ಲ" ಅಂತ ಬರೆದರೆ ಅದು ಸುದ್ದಿಯೋ, ಪ್ರಶ್ನೆಯೋ, ಆರೋಪವೋ ತಿಳಿಯುವುದು ಕಷ್ಟ. ಬಾಯಲ್ಲಿ ಹೇಳಿದರೆ ಎಳೆತದಲ್ಲೇ ಗೊತ್ತಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಹಾಕುವ ರೂಢಿ ಇಲ್ಲದ ಗ್ರೂಪಿನಲ್ಲಿ ಇದೊಂದೇ ಎಷ್ಟೋ ಜಗಳಕ್ಕೆ ಮೂಲ. ಅಮೆರಿಕದಲ್ಲಿ ಕ್ರೂಗರ್, ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದೇ ಕಂಡಿತ್ತು. ಇಮೇಲಿನಲ್ಲಿ ತಾವು ವ್ಯಂಗ್ಯವಾಗಿ ಬರೆದದ್ದೋ ಗಂಭೀರವಾಗಿ ಬರೆದದ್ದೋ ಓದುವವರಿಗೆ ಗೊತ್ತಾಗುತ್ತದೆ ಅಂತ ಬರೆದವರಿಗೆ ಭಾರಿ ವಿಶ್ವಾಸ. ಓದಿದವರ ಊಹೆ ಮಾತ್ರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ಆದ್ದರಿಂದ ಇನ್ನೂರು ಮಂದಿಯ ಗ್ರೂಪಿನಲ್ಲಿ ಕುಹಕ ಬೇಡ, ಅದು ಚಹಾದ ಅಂಗಡಿಗೆ ಸರಿ. ಬರೆದದ್ದು ತಪ್ಪು ಅರ್ಥ ಕೊಟ್ಟಿತು ಅನ್ನಿಸಿದರೆ 15 ನಿಮಿಷದೊಳಗೆ ಎಡಿಟ್ ಮಾಡಬಹುದು. ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ. ಆದರೆ ಉತ್ತರ ಬಂದಮೇಲೆ ಮೂಲ ಅಳಿಸಿದರೆ ಉತ್ತರ ಕೊಟ್ಟವನು ಹುಚ್ಚನಂತೆ ಕಾಣುತ್ತಾನೆ, ಅವನಿಗೆ ಇನ್ನಷ್ಟು ಸಿಟ್ಟು. ಅಷ್ಟು ಹೊತ್ತಾಗಿದ್ದರೆ ಅಳಿಸುವ ಬದಲು ಕೆಳಗೆ ತಿದ್ದುಪಡಿ ಬರೆಯುವುದೇ ಮೇಲು.

ನಿಮ್ಮ ಮೇಲೇ ಯಾರಾದರೂ ಹರಿಹಾಯ್ದರೆ ಒಂದು ಸಲ ಉತ್ತರ ಕೊಡಿ, ಅಂಕಿಸಂಖ್ಯೆ ಇರುವ ಎರಡು ಸಾಲು. ಅವರ ಎರಡನೆಯ ಮೆಸೇಜಿಗೆ ಗ್ರೂಪಿನಲ್ಲಿ ಉತ್ತರ ಬೇಡ. ಆ ಮೆಸೇಜು ಒತ್ತಿ ಹಿಡಿದು ಮೂರು ಚುಕ್ಕಿ ಒತ್ತಿದರೆ "ರಿಪ್ಲೈ ಪ್ರೈವೇಟ್ಲಿ" ಅಂತ ಬರುತ್ತದೆ, ಅಲ್ಲಿ ಬರೆಯಿರಿ. ಅದಕ್ಕಿಂತ ಒಳ್ಳೆಯದು ಫೋನು ಮಾಡುವುದು. "ಅಣ್ಣಾರ, ಅದೇನೋ ನಿಮಗ ಬ್ಯಾಸರ ಆದಂಗ ಕಾಣ್ತದ, ಏನ್ ವಿಷ್ಯ ಹೇಳ್ರಿ" ಅಂತ ಕೇಳಿದರೆ ಬಹಳಷ್ಟು ಮಂದಿ ಫೋನಿನಲ್ಲಿ ಅರ್ಧಕ್ಕರ್ಧ ಇಳಿದುಬಿಡುತ್ತಾರೆ. ನೂರಾರು ಮಂದಿ ನೋಡುತ್ತಿದ್ದಾರೆ ಅನ್ನುವುದೇ ಅವರನ್ನು ಏರಿಸಿದ್ದು.

ಇಲ್ಲಿ ಒಂದು ಮಾತು ಸುಮ್ಮನೆ ಕೂತು ನೋಡುವವರಿಗೆ. ಗ್ರೂಪಿನಲ್ಲಿ ಬಾಯಿ ಬಿಡದೆ, ಜಗಳ ಆಡುವವನಿಗೆ ಒಳಗಿಂದ "ಸರಿಯಾಗಿ ಕೊಟ್ರಿ ಗೌಡ್ರ", "ಬಿಡಬ್ಯಾಡ್ರಿ" ಅಂತ ಖಾಸಗಿ ಮೆಸೇಜು ಕಳಿಸುವವರು ಪ್ರತಿ ಗ್ರೂಪಿನಲ್ಲೂ ನಾಲ್ಕೈದು ಮಂದಿ ಇರುತ್ತಾರೆ. ಹೊರಗೆ ಕಾಣುವುದು ಇಬ್ಬರ ಕಿತ್ತಾಟ, ಕಟ್ಟಿಗೆ ಹಾಕುವವರು ಇವರು. ಇವರನ್ನು ಯಾವ ಅಡ್ಮಿನ್‌ನೂ ಹಿಡಿಯಲಾರ. ಜಗಳದಲ್ಲಿ ಸಿಕ್ಕವರು ಮಾತ್ರ ಇಂಥ ಮೆಸೇಜು ಬಂದಾಗ "ಹಂಗಿದ್ರ ಗ್ರೂಪಿನ್ಯಾಗೇ ಬರೀರಿ" ಅಂತ ಒಂದು ಸಾಲು ಹಾಕಿ ನೋಡಬಹುದು. ಮತ್ತೆ ಬರುವುದಿಲ್ಲ.

ಅಡ್ಮಿನ್ ಮಾಡಬೇಕಾದ್ದು ಏನು? ಜಗಳ ಹತ್ತಿದೆ, ಇಬ್ಬರೂ ಮನೆಯವರ ಹೆಸರಿಗೆ ಇಳಿದಿದ್ದಾರೆ ಅಂದಾಗ ಗ್ರೂಪಿಗೆ ಬೀಗ ಹಾಕಿ, ಅಂದರೆ ಮೆಸೇಜು ಕಳಿಸುವುದು ಅಡ್ಮಿನ್ ಮಾತ್ರ ಅಂತ ಮಾಡಿ. ಆದರೆ ಬೀಗ ಹಾಕಿದ ಕೂಡಲೇ ತೆಗೆಯುವ ಹೊತ್ತನ್ನೂ ಬರೆಯಿರಿ: "ನಾಳೆ ಬೆಳಿಗ್ಗೆ 8ಕ್ಕೆ ತೆರೆಯುತ್ತೇವೆ. ನೀರಿನ ಸುದ್ದಿ ಸುದ್ದಿ ಗ್ರೂಪಿನಲ್ಲಿ ಎಂದಿನಂತೆ ಬರುತ್ತದೆ." ಹೊತ್ತು ಹೇಳದ ಬೀಗ ಬಾಯಿ ಕಟ್ಟಿದ ಹಾಗೆ ಕಾಣುತ್ತದೆ. ಹೇಳಿದ ಹೊತ್ತಿಗೆ ತೆರೆಯದಿದ್ದರೆ ಮುಂದಿನ ಸಲ ಯಾರೂ ನಂಬುವುದಿಲ್ಲ. ಆ ರಾತ್ರಿಯೇ ಇಬ್ಬರಿಗೂ ಬೇರೆಬೇರೆ ಫೋನು ಹೋಗಬೇಕು. ಮೇಲ್ಭಾಗದವನಿಗೆ ಮೇಲ್ಭಾಗದ ಅಡ್ಮಿನ್, ಕೆಳಭಾಗದವನಿಗೆ ಕೆಳಭಾಗದವನು. ಯಾರು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ, ನಾಳೆ ಎಂಟಕ್ಕೆ ಏನು ಬರೆಯುತ್ತೀರಿ ಅಂತ ಅಷ್ಟೇ ಕೇಳಿ.

ಮೆಸೇಜು ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಅಳಿಸಿದರೆ ಯಾವ ಅಡ್ಮಿನ್ ಅಳಿಸಿದ್ದು ಅಂತ ಎಲ್ಲರಿಗೂ ತೋರಿಸುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ. ಅಳಿಸಿದ ಮೇಲೆ "ಬೈಗುಳ ಇತ್ತು, ತೆಗೆದಿದ್ದೇವೆ" ಅಂತ ಕಾರಣ ಬರೆಯದಿದ್ದರೆ ಅಲ್ಲಿ ಇಲ್ಲದ್ದನ್ನೂ ಜನ ಊಹಿಸಿಕೊಳ್ಳುತ್ತಾರೆ. ಕೊಲ್ಲುವ, ಹೊಡೆಯುವ ಬೆದರಿಕೆ, ಜಾತಿ ಧರ್ಮದ ಮೇಲೆ ಕೆಣಕುವ ಮಾತು ಇದ್ದರೆ ಅಳಿಸುವ ಮೊದಲು ಹೆಸರು, ನಂಬರು, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಬೇಕಾದರೆ ಸಿಗುವುದಿಲ್ಲ.

ಊರ ಗ್ರೂಪಿನಿಂದ ಒಬ್ಬರನ್ನು ತೆಗೆಯುವುದು ನಗರದ ಗ್ರೂಪಿನಿಂದ ತೆಗೆದ ಹಾಗಲ್ಲ. ನಾಳೆ ಅದೇ ಮನುಷ್ಯ ಎಪಿಎಂಸಿಯಲ್ಲಿ, ಜಾತ್ರೆಯಲ್ಲಿ, ಬೀಗರ ಮನೆಯ ಮದುವೆಯಲ್ಲಿ ಎದುರಾಗುತ್ತಾನೆ. ಶಾಶ್ವತವಾಗಿ ತೆಗೆದರೆ ಅದು ಬಹಿಷ್ಕಾರ ಆಗಿ ಕೂರುತ್ತದೆ. ಏಳು ದಿನಕ್ಕೆ ಮಾತ್ರ ತೆಗೆಯುವ ನಿಯಮ ಒಳ್ಳೆಯದು. ಮೊದಲು ಖಾಸಗಿಯಾಗಿ ಒಂದು ಎಚ್ಚರಿಕೆ, ಎರಡನೆಯ ಸಲ ಏಳು ದಿನ ಹೊರಗೆ, ಎಂಟನೆಯ ದಿನ ಅವರು ಕೇಳದೆಯೇ ಅಡ್ಮಿನ್ ವಾಪಸ್ ಸೇರಿಸಬೇಕು. ಆ ಏಳು ದಿನವೂ ಸುದ್ದಿ ಗ್ರೂಪಿನಲ್ಲಿ ಅವರು ಇರಲೇಬೇಕು. ಬೈದಾಡಿದ್ದಕ್ಕೆ ಒಬ್ಬರಿಗೆ ಗೇಜಿನ ಸುದ್ದಿ ತಪ್ಪಿಸುವುದು ಶಿಕ್ಷೆಯಲ್ಲ, ಸೇಡು. ಸುದ್ದಿ, ಮಾತು ಬೇರೆಯಾಗಿರುವುದರ ಇನ್ನೊಂದು ಉಪಯೋಗ ಇಲ್ಲಿ ಕಾಣುತ್ತದೆ.

ನಿಯಮ ಉದ್ದ ಇರಬಾರದು, ಫೋನಿನ ಒಂದು ಪರದೆಯೊಳಗೆ ಮುಗಿಯಬೇಕು. ಹೀಗೆ ಬರೆದರೆ ಸಾಕು: "ಈ ಗ್ರೂಪು ಉಪಕಾಲುವೆಯ ರೈತರಿಗೆ. ಪಕ್ಷ, ಜಾತಿ, ಧರ್ಮದ ಮಾತು ಬೇಡ. ರೇಟು ಹಾಕುವಾಗ ತಳಿ, ಊರು, ಚೀಲ ಅಥವಾ ಕ್ವಿಂಟಲ್ ಬರೆಯಿರಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ತುರ್ತು ಬಿಟ್ಟು ಬೇರೆ ಮೆಸೇಜು ಬೇಡ. ಬೈದರೆ ಒಂದು ಎಚ್ಚರಿಕೆ, ಆಮೇಲೆ ಏಳು ದಿನ ಹೊರಗೆ." ತುರ್ತು ಅಂದರೆ ಯಾವುದು ಅಂತಲೂ ಒಂದು ಸಾಲು ಸೇರಿಸಿ. ಕಾಲುವೆ ಒಡೆಯುವುದು, ಬೆಂಕಿ, ಅಪಘಾತ, ರಕ್ತ ಬೇಕಾಗಿರುವುದು ತುರ್ತು. ಹುಟ್ಟುಹಬ್ಬ ತುರ್ತಲ್ಲ, ಶಾಸಕರದ್ದಾದರೂ. ಪಂಚಾಯ್ತಿ ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದ ಮರುದಿನದವರೆಗೆ ಮಾತಿನ ಗ್ರೂಪಿಗೇ ಬೀಗ ಹಾಕುವ ಊರುಗಳು ಇದ್ದರೆ ಅವರಿಗೆ ನನ್ನ ಪೂರ್ತಿ ಬೆಂಬಲ.

ಗಾಳಿಸುದ್ದಿಯ ರಾತ್ರಿಗಳ ಲೆಕ್ಕವೇ ಬೇರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯಕ್ಕೆ ಇರುವುದು 33 ಗೇಟು, ಹೋದದ್ದು ಒಂದು, ಒತ್ತಡ ಇಳಿಸಲು ಉಳಿದವುಗಳಿಂದಲೂ ನೀರು ಬಿಟ್ಟರು. "ಗೇಟು ಹೋಯಿತು" ಅನ್ನುವುದು ನಾಲ್ಕು ಗ್ರೂಪು ದಾಟುವಷ್ಟರಲ್ಲಿ "ಡ್ಯಾಮ್ ಹೋಯಿತು" ಆಗಲು ತಡವಾಗುವುದಿಲ್ಲ. ಅಂಥ ರಾತ್ರಿ ಅಡ್ಮಿನ್ ಮಾಡಬೇಕಾದ್ದು ಇಷ್ಟು: ಮಾತಿನ ಗ್ರೂಪಿಗೆ ಬೀಗ, ಸುದ್ದಿ ಗ್ರೂಪಿನಲ್ಲಿ ಅರ್ಧ ಗಂಟೆಗೊಂದು ಮೆಸೇಜು, ಹೊಸದೇನೂ ಇಲ್ಲದಿದ್ದರೆ "ಹೊಸ ಸುದ್ದಿ ಇಲ್ಲ, ಮುಂದಿನದು 11ಕ್ಕೆ" ಅಂತಲಾದರೂ. ಮೂಲ ಜಿಲ್ಲಾಡಳಿತದ್ದೋ ತುಂಗಭದ್ರಾ ಮಂಡಳಿಯದೋ ಆಗಿರಬೇಕು. ಮಂಡಳಿ ದಿನವೂ ನೀರಿನ ಮಟ್ಟ, ಒಳಹರಿವು, ಹೊರಹರಿವು ಪ್ರಕಟಿಸುತ್ತದೆ. ಎರಡು ಬಾಣದ ಗುರುತಿರುವ, ಅಂದರೆ ಬಹಳ ಸಲ ಫಾರ್ವರ್ಡ್ ಆದ ವೀಡಿಯೊವನ್ನು ಆ ರಾತ್ರಿ ಒಂದನ್ನೂ ಬಿಡಬೇಡಿ. ವಾಟ್ಸಾಪ್‌ನವರೇ 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಬಿಡುತ್ತಾರೆ. ಬೇರೆ ಯಾವುದೋ ರಾಜ್ಯದ, ಯಾವುದೋ ವರ್ಷದ ಅಣೆಕಟ್ಟಿನ ವೀಡಿಯೊಗಳು ಇಂಥ ಹೊತ್ತಿಗೇ ಕಾಯುತ್ತಿರುತ್ತವೆ.

ಹಾಗೆಯೇ ಹೆಸರಿನ ಕೊನೆಗೆ ಎಪಿಕೆ ಅಂತಿರುವ ಫೈಲು, ಅಂದರೆ ಫೋನಿಗೆ ಆ್ಯಪ್ ಕೂರಿಸುವ ಫೈಲು, ಅದು ಮದುವೆ ಕರೆಯೋಲೆ ಅಂತಿರಲಿ, ರೈತರ ಸಬ್ಸಿಡಿ ಅಂತಿರಲಿ, ಕಂಡ ಕೂಡಲೇ ಅಳಿಸಿ. ಹಾಕಿದವರಿಗೆ ಫೋನು ಮಾಡಿ, ಅವರ ವಾಟ್ಸಾಪ್ ಬೇರೆಯವರ ಕೈಗೆ ಹೋಗಿರುವ ಸಾಧ್ಯತೆ ಇದೆ. ಯಾರಾದರೂ ಒತ್ತಿ ದುಡ್ಡು ಹೋಗಿದ್ದರೆ ಹೊತ್ತು ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ.

ಗ್ರೂಪಿನಲ್ಲಿ ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗುತ್ತಾನೆ ಅನ್ನುವ ಭಯ ವ್ಯಾಪಕವಾಗಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ, ಸದಸ್ಯ ಹಾಕಿದ ಆಕ್ಷೇಪಾರ್ಹ ಮೆಸೇಜಿಗೆ ಅಡ್ಮಿನ್ ಆಗಿದ್ದಾನೆ ಅನ್ನುವ ಕಾರಣಕ್ಕಷ್ಟೇ ಅವನನ್ನು ಹೊಣೆ ಮಾಡಲಾಗದು ಅಂದಿವೆ. ಜೊತೆಗೂಡಿ ಮಾಡಿದ್ದರೆ ಮಾತು ಬೇರೆ. ಹಾಕಿದವನಿಗೆ ಮಾತ್ರ ಕಾನೂನು ಇದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಗುಂಪುಗಳ ನಡುವೆ ದ್ವೇಷ ಬಿತ್ತುವುದಕ್ಕೆ, 351 ಬೆದರಿಕೆಗೆ, 353 ಗಲಭೆ ಎಬ್ಬಿಸುವ ಸುಳ್ಳುಸುದ್ದಿಗೆ. ಫಾರ್ವರ್ಡ್ ಮಾಡಿದ್ದಷ್ಟೇ, ಬರೆದದ್ದಲ್ಲ ಅಂದರೆ ತಪ್ಪಿಸಿಕೊಳ್ಳಬಹುದು ಅಂತ ನೆಚ್ಚಿಕೊಂಡಿರಬೇಡಿ.

ಟೆಲಿಗ್ರಾಂನಲ್ಲಿ ಗ್ರೂಪು ನಡೆಸುವವರಿಗೆ, ಮುಖ್ಯವಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ದೊಡ್ಡ ಗ್ರೂಪುಗಳಿಗೆ, ಸ್ಲೋ ಮೋಡ್ ಅನ್ನುವ ಬಟನ್ ಇದೆ. ಒಬ್ಬರು ಒಂದು ಮೆಸೇಜು ಹಾಕಿದ ಮೇಲೆ ಇಂತಿಷ್ಟು ಹೊತ್ತು ಮತ್ತೊಂದು ಹಾಕಲು ಬಿಡುವುದಿಲ್ಲ. ಮೂವತ್ತು ಸೆಕೆಂಡಿನಿಂದ ಜಗಳ ನಿಲ್ಲುವುದಿಲ್ಲ, ಐದು ನಿಮಿಷ ಇಡಿ. ಕೀ ಆನ್ಸರ್ ಬಿಟ್ಟ ದಿನ ಹದಿನೈದು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಬಿಟ್ಟು ಹೋಗಿ. 2022ರಿಂದ ಗ್ರೂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ, ಎಲ್ಲರ ಮುಂದೆ ಸಾಲು ಮೂಡುವುದಿಲ್ಲ. ಗ್ರೂಪ್ ಇನ್ಫೋ ಕೆದಕಿ ನೋಡಿದವರಿಗೆ ಮಾತ್ರ ಅರವತ್ತು ದಿನದವರೆಗೆ ಹಿಂದಿನ ಸದಸ್ಯರ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಬಿಡುವ ಮೊದಲು ಬೇಕಾದ ಫೋಟೊ, ಪತ್ರ, ನಂಬರುಗಳನ್ನು ಸೇವ್ ಮಾಡಿಕೊಳ್ಳಿ. ನೀವೇ ಅಡ್ಮಿನ್ ಆಗಿದ್ದರೆ ಇನ್ನೊಬ್ಬರನ್ನು ಅಡ್ಮಿನ್ ಮಾಡಿ ಆಮೇಲೆ ಹೊರಡಿ. ಹಾಗೇ ಹೋದರೆ ಉಳಿದವರಲ್ಲಿ ಯಾರೋ ಒಬ್ಬರಿಗೆ ಆ ಜಾಗ ತಾನಾಗಿ ಹೋಗುತ್ತದೆ, ಅದು ಜಗಳಗಂಟನೇ ಆಗಿರಬಹುದು. ಮನೆಮಂದಿಯ ಗ್ರೂಪನ್ನು ಮಾತ್ರ ಬಿಡುವ ಬದಲು ಮ್ಯೂಟ್ ಮಾಡಿ ಆರ್ಕೈವಿಗೆ ಹಾಕಿ, ವಾರಕ್ಕೊಮ್ಮೆ ತೆರೆದು ದೊಡ್ಡಪ್ಪನ ಶುಭೋದಯಕ್ಕೆ ಒಂದು ಹೆಬ್ಬೆಟ್ಟು ಒತ್ತಿ.